ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಟ್ಟುಹೋದ ಮೂರು ಮೆಡಲ್

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಪ್ಪು ಟ್ರಂಕಿದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪಯ್ಯನ ಆರ್ಮಿ ನಂಬರು, ರ‍್ಯಾಂಕು, ಹೆಸರು. ತೀರ್ಥಹಳ್ಳಿ ಕಡೆಯ ಮಳೆಗಾಲ ಗೊತ್ತಲ್ಲ, ಬೂಷ್ಟು ಹಿಡಿಯದೆ ಒಂದು ಕಾಗದ ಉಳಿಯುವುದೇ ಕಷ್ಟ. ಹಾಗಾಗಿ ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ಟ್ರಂಕು ಇಳಿಸಿ, ಒಳಗಿರುವುದನ್ನೆಲ್ಲ ಅಂಗಳದಲ್ಲಿ ಹರಡುತ್ತೇವೆ. ಅಡಿಕೆಯ ಪಕ್ಕದಲ್ಲೇ, ಸೇನೆ ಬಿಡುವಾಗ ಅಪ್ಪಯ್ಯನಿಗೆ ಕೊಟ್ಟ ಸೇವಾ ವಿವರದ ಡಿಸ್ಚಾರ್ಜ್ ಬುಕ್ಕೂ ಬಿಸಿಲು ಕಾಯುತ್ತದೆ. ಇಷ್ಟು ವರ್ಷ ಒಣಗಿಸಿದ್ದೇ ಬಂತು, ಒಂದು ಸಲವೂ ಓದಿರಲಿಲ್ಲ.

2021ರಲ್ಲಿ 1971ರ ಯುದ್ಧಕ್ಕೆ 50 ವರ್ಷ ತುಂಬಿತು. ಆಗ ನಡೆದ ಒಂದು ಸನ್ಮಾನಕ್ಕೆ ಅಪ್ಪಯ್ಯನನ್ನೂ ಕರೆದಿದ್ದರು. ಪಕ್ಕದಲ್ಲಿ ಕೂತವರ ಎದೆಯ ಮೇಲೆ ಮೆಡಲುಗಳ ಸಾಲೇ ಇತ್ತು. ಅಪ್ಪಯ್ಯನದ್ದು ಎರಡೇ. ಸೈನ್ಯ ಸೇವಾ ಮೆಡಲ್ ಒಂದು, 9 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇನ್ನೊಂದು. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, ಯುದ್ಧದ ಮೆಡಲ್ ಎಲ್ಲಿ ಅಂತ.

"ಬಂದಿಲ್ಲ. ಅದನ್ನೆಲ್ಲ ಯಾರು ಕೇಳ್ತಾ ಕೂರ್ತಾರೆ ಮಾರಾಯ" ಎಂದು ಕಿಟಕಿ ಕಡೆ ತಿರುಗಿದರು.

ಮನೆಗೆ ಬಂದು ಡಿಸ್ಚಾರ್ಜ್ ಬುಕ್ ತೆಗೆದು ನೋಡಿದೆ. ಮೆಡಲಿನ ಪುಟದಲ್ಲೂ ಅವೆರಡೇ ಇದ್ದವು. ಅಪ್ಪಯ್ಯ ಸೇನೆ ಸೇರಿದ್ದು 1966ರಲ್ಲಿ, ಪೆನ್ಷನ್ ಬಂದದ್ದು 1983ರಲ್ಲಿ. 1971ರ ಡಿಸೆಂಬರಿನಲ್ಲಿ ಪಠಾಣ್‌ಕೋಟ್‌ನಿಂದ ಜಮ್ಮುವಿನ ಸಾಂಬಾ ಕಡೆಗೆ ರಾತ್ರಿ ಹೊತ್ತು ಹೆಡ್‌ಲೈಟಿಗೆ ಕಪ್ಪು ಬಳಿದ ಶಕ್ತಿಮಾನ್ ಲಾರಿಯಲ್ಲಿ ಮದ್ದುಗುಂಡು ಸಾಗಿಸಿದ ಕಥೆ ನಮಗೆಲ್ಲ ಬಾಯಿಪಾಠ. ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಲೆಕ್ಕ ಹಾಕಿದರೆ ಮೂರು ಬಿಟ್ಟುಹೋಗಿದ್ದವು. ಪಶ್ಚಿಮದ ರಣರಂಗದಲ್ಲಿದ್ದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಒಂದು. ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಅದು ಬೇರೆ. ಎರಡನೆಯದು ಆ ಯುದ್ಧದ್ದೇ ಆದ ಸಂಗ್ರಾಮ್ ಮೆಡಲ್. ಮೂರನೆಯದು ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು ಇದು. ಈ ಮೂರನೆಯದರ ಬಗ್ಗೆ ಅಪ್ಪಯ್ಯನಿಗೆ ಒಂದು ತಪ್ಪು ತಿಳುವಳಿಕೆ ಇತ್ತು. "ನಾನು ಆವಾಗ ರಜೆ ಮೇಲೆ ಊರಲ್ಲಿದ್ದೆ, ಗದ್ದೆ ನಟ್ಟಿ ನಡೀತಿತ್ತು. ನಂಗೆ ಹೆಂಗೆ ಬರ್ತದೆ?" ಎನ್ನುತ್ತಿದ್ದರು. ರಜೆಯೂ ಸೇವೆಯೇ ಅಂತ ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು.

ಊರಿನವರ ಮೊದಲ ಪ್ರಶ್ನೆ, "ಎಷ್ಟು ದುಡ್ಡು ಬರ್ತದೆ?" ಏನೂ ಬರುವುದಿಲ್ಲ. ಶೌರ್ಯ ಪದಕಗಳಿಗೆ ಭತ್ಯೆ ಇದೆ, ಇಂಥವಕ್ಕೆ ಇಲ್ಲ. ತಂಗಿಯ ಮಗ, ಬೆಂಗಳೂರಿನ ಅಂಗಡಿಯಲ್ಲಿ ನಕಲು ಮೆಡಲ್ ಸಿಗ್ತದೆ, ತಂದು ಹಾಕೋಣ ಎಂದ. ಅಪ್ಪಯ್ಯ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಆ ಮಾತು ಎತ್ತಲಿಲ್ಲ.

ನನ್ನ ಮೊದಲ ಕೆಲಸವೇ ಎಡವಟ್ಟಾಯಿತು. ಸೈನಿಕರ ಕಡತಗಳನ್ನು ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ ಎರಡು ಪುಟದ ಪತ್ರ ಬರೆದೆ. ದೇಶಸೇವೆ, ವೃದ್ಧಾಪ್ಯ, ನ್ಯಾಯ ಎಲ್ಲ ಅದರಲ್ಲಿತ್ತು. ಆರ್ಡರ್ ನಂಬರು ಮಾತ್ರ ಇರಲಿಲ್ಲ. ನಾಲ್ಕು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ನಮ್ಮ ದಾಖಲೆಯಲ್ಲಿ ಇಲ್ಲ, ಆಧಾರ ಇದ್ದರೆ ಕಳಿಸಿ. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ನಮ್ಮ ಸೊಸೈಟಿಗೆ ಯಾರಾದರೂ ಅಂಥ ಪತ್ರ ಬರೆದರೆ ನಾನೂ ಅದೇ ಉತ್ತರ ಕೊಡುತ್ತಿದ್ದೆ.

ನಾನು ಸಹಕಾರ ಸಂಘದಲ್ಲಿ ಗುಮಾಸ್ತ. ಸೇನೆಯ ಕಾಗದದ ವ್ಯವಸ್ಥೆ ನನಗೆ ಅರ್ಥವಾದದ್ದು ನಮ್ಮ ಲೆಕ್ಕದ ಪುಸ್ತಕಗಳ ಮೂಲಕವೇ. ಸೈನಿಕನಿಗೆ ಸಂಬಂಧಪಟ್ಟ ಏನೇ ಆದರೂ, ಮದುವೆ, ಮಗು, ಬಡ್ತಿ, ಮೆಡಲ್, ಯೂನಿಟ್ಟಿನಲ್ಲಿ ಪಾರ್ಟ್ ಟು ಆರ್ಡರ್ ಅಂತ ಹೊರಡಿಸುತ್ತಾರೆ. ಅದಕ್ಕೊಂದು ನಂಬರು, ವರ್ಷ ಇರುತ್ತದೆ. ಅದು ನಮ್ಮ ದಿನವಹಿ ಇದ್ದ ಹಾಗೆ. ಅಲ್ಲಿಂದ ರೆಕಾರ್ಡ್ ಆಫೀಸಿನಲ್ಲಿರುವ ಶೀಟ್ ರೋಲಿಗೆ ಏರಬೇಕು. ಅದು ಲೆಡ್ಜರ್. ಸೈನಿಕ ಮನೆಗೆ ಬರುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಬುಕ್ ಅಂದರೆ ಪಾಸ್‌ಬುಕ್. ಪಾಸ್‌ಬುಕ್ಕಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ದುಡ್ಡು ಕಟ್ಟಿಲ್ಲ ಅಂತ ಅಲ್ಲ, ಅಲ್ವಾ? ಎಲ್ಲಿ ಬಿಟ್ಟುಹೋಗಿದೆ ಅಂತ ಮೊದಲು ನೋಡಬೇಕು. ನಾನು ಪಾಸ್‌ಬುಕ್ ಹಿಡಿದುಕೊಂಡು ಜಗಳಕ್ಕೆ ಹೋಗಿದ್ದೆ.

ಲೆಡ್ಜರ್ ನೋಡಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಪುಟ. ಮೊದಲ ಅರ್ಜಿ ನನ್ನ ಹೆಸರಿನಲ್ಲಿ ಹಾಕಿ ಮತ್ತೆ ಪೆಟ್ಟು ತಿಂದೆ. ಬೇರೆಯವರ ವೈಯಕ್ತಿಕ ದಾಖಲೆ ಕೊಡಲಾಗದು ಎಂದರು. ಮಗ ಆದರೇನು, ಕಾಗದಕ್ಕೆ ನಾನು ಬೇರೆಯವನೇ. ಎರಡನೆಯದನ್ನು ಅಪ್ಪಯ್ಯನ ಹೆಸರಿನಲ್ಲಿ, ಅವರ ಸಹಿಯಲ್ಲಿ ಹಾಕಿದೆ. ನ್ಯಾಯ ಕೊಡಿ ಅಂತ ಬರೆಯಲಿಲ್ಲ. ಶೀಟ್ ರೋಲಿನ ನಕಲು ಕೊಡಿ, 1971ರಿಂದ 1975ರವರೆಗೆ ಮೆಡಲಿಗೆ ಸಂಬಂಧಪಟ್ಟ ಪಾರ್ಟ್ ಟು ಆರ್ಡರುಗಳ ನಕಲು ಕೊಡಿ, ಅಷ್ಟೇ. 30 ದಿನದ ಗಡುವು ಮುಗಿಯುವ ಮೊದಲೇ ಲಕೋಟೆ ಬಂತು.

ರೆಕಾರ್ಡ್ ಆಫೀಸ್ ಒಂದೇ ಕಡೆ ಇರುವುದಿಲ್ಲ, ರೆಜಿಮೆಂಟಿಗೊಂದು. ಮದ್ರಾಸ್ ರೆಜಿಮೆಂಟಿನದ್ದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರಿನಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿಯಲ್ಲಿ, ಆರ್ಟಿಲರಿಯದ್ದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ದು ಜಬಲ್ಪುರದಲ್ಲಿ, ವಾಹನ, ಯಂತ್ರ ರಿಪೇರಿಯ ಇಎಂಇ ವಿಭಾಗದ್ದು ಸಿಕಂದರಾಬಾದಿನಲ್ಲಿ. ಅಪ್ಪಯ್ಯನದ್ದು ಯಾವುದು ಅಂತ ಇಲ್ಲಿ ಬೇಡ. 50 ವರ್ಷದ ಹಿಂದೆ ಯಾರದೋ ಕೈಯಲ್ಲಿ ಒಂದು ಸಾಲು ಬಿಟ್ಟುಹೋದದ್ದಕ್ಕೆ ಇವತ್ತು ಕೂತವರನ್ನು ದೂರುವುದು ಸರಿಯಲ್ಲ.

ಲಕೋಟೆಯಲ್ಲಿದ್ದ ಶೀಟ್ ರೋಲ್ ನೋಡಿದೆ. 25ನೇ ವರ್ಷದ ಮೆಡಲ್ ಅದರಲ್ಲಿ ಇತ್ತು! ಆರ್ಡರ್ ನಂಬರಿನ ಸಮೇತ. ಡಿಸ್ಚಾರ್ಜ್ ಬುಕ್ಕಿಗೆ ಇಳಿದಿರಲಿಲ್ಲ ಅಷ್ಟೇ. ಉಳಿದೆರಡು ಅಲ್ಲೂ ಇಲ್ಲ. ಆದರೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. 1971ರ ನವೆಂಬರಿನಿಂದ 1972ರ ಫೆಬ್ರವರಿವರೆಗೆ ಅಪ್ಪಯ್ಯ ಬೇರೆ ಯೂನಿಟ್ಟಿಗೆ ಅಟ್ಯಾಚ್‌ಮೆಂಟ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಹೋಗಿದ್ದರು.

"ಹೌದಲ್ಲ, ಡ್ರೈವರ್ ಸಾಕಾಗಲ್ಲ ಅಂತ ನಮ್ಮನ್ನ ಆರು ಜನನ್ನ ಆ ಕಡೆ ಕಳಿಸಿದ್ರು" ಎಂದರು ಅಪ್ಪಯ್ಯ, ಇದೇನು ಹೊಸ ವಿಷಯ ಎಂಬಂತೆ. ಇದನ್ನು ಮೊದಲೇ ಹೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು. ಆ ಯೂನಿಟ್ಟಿನವರು ತಮ್ಮ ಜನರ ಜೊತೆ ಈ ಆರು ಜನರ ಹೆಸರನ್ನೂ ಆರ್ಡರಿನಲ್ಲಿ ಹಾಕಿರಬೇಕು, ಅದು ಇವರ ಮೂಲ ಕಡತದವರೆಗೆ ಬಂದಿಲ್ಲ ಎಂದು ನನ್ನ ಊಹೆ.

ಆರರಲ್ಲಿ ಉಳಿದವರು ಯಾರು? ಟ್ರಂಕಿನಲ್ಲಿ ಹಳೆಯ ಇನ್‌ಲ್ಯಾಂಡ್ ಪತ್ರಗಳ ಕಟ್ಟೊಂದಿತ್ತು. ಅದರಲ್ಲಿ ಸಕಲೇಶಪುರ ಕಡೆಯ ಒಂದು ವಿಳಾಸ ಸಿಕ್ಕಿತು. ಅಲ್ಲಿನ ಮಾಜಿ ಸೈನಿಕರ ಬಳಿ ವಿಚಾರಿಸಿದಾಗ, ಇದ್ದಾರೆ, ಕಿವಿ ಸ್ವಲ್ಪ ಮಂದ ಎಂದರು. ಫೋನಿನಲ್ಲಿ ಆಗದ ಮಾತು ಅಂತ ಅಪ್ಪಯ್ಯನನ್ನು ಕರೆದುಕೊಂಡು ಹೊರಟೆ.

ಆ ಮನೆಯ ಜಗಲಿಯಲ್ಲಿ ಇಬ್ಬರೂ ಹತ್ತು ನಿಮಿಷ ಸುಮ್ನೆ ಕೂತರು. ಕಾಫಿ ಬಂತು. ಕಾಳುಮೆಣಸಿನ ರೇಟಿನ ಮಾತಾಯಿತು. ಆಮೇಲೆ ಸಾಂಬಾದ ಮಾತು ಶುರುವಾದದ್ದೇ ತಡ, ಕನ್ನಡದ ಇಬ್ಬರು ಮುದುಕರೂ ಹಿಂದಿಗೆ ಇಳಿದರು. ಅಪ್ಪಯ್ಯ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡೇ ಇರಲಿಲ್ಲ. ಆ ಹಿರಿಯರ ಡಿಸ್ಚಾರ್ಜ್ ಬುಕ್ಕಿನಲ್ಲಿ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಎರಡೂ ಇದ್ದವು. ಪಕ್ಕದಲ್ಲಿ ಆರ್ಡರ್ ನಂಬರು, ವರ್ಷ. ಅವರು ಅಟ್ಯಾಚ್‌ಮೆಂಟ್ ಮುಗಿದ ಮೇಲೂ ಅದೇ ಯೂನಿಟ್ಟಿನಲ್ಲಿ ಉಳಿದಿದ್ದರಂತೆ. ನನಗೆ ಬೇಕಿದ್ದದ್ದು ಆ ನಂಬರು. ಫೋಟೊ ತೆಗೆದುಕೊಂಡೆ, ಅವರಿಂದ ಸಹಿ ಮಾಡಿದ ಝೆರಾಕ್ಸ್ ಕೂಡ ಪಡೆದೆ.

ಎರಡನೇ ಸಲ ಬರೆದ ಅರ್ಜಿ ಒಂದೇ ಪುಟದ್ದು. ಮೇಲೆ ನಂಬರು, ರ‍್ಯಾಂಕು, ಹೆಸರು. ಕೆಳಗೆ ಮೂರು ಮೆಡಲ್, ಒಂದೊಂದರ ಎದುರಿಗೆ ಒಂದೊಂದು ಆರ್ಡರ್ ನಂಬರು. ಶೀಟ್ ರೋಲಿನಲ್ಲಿ ಅಟ್ಯಾಚ್‌ಮೆಂಟ್ ಇರುವ ಸಾಲಿಗೆ ಪೆನ್ಸಿಲ್ ಗೆರೆ. ಈ ಆರ್ಡರಿನಲ್ಲಿ ಇವರ ಹೆಸರಿದೆಯೇ ನೋಡಿ, ಇದ್ದರೆ ದಾಖಲೆಗೆ ಏರಿಸಿ, ಮೆಡಲ್ ಕಳಿಸಿ ಎಂಬ ಮೂರು ವಾಕ್ಯ. ಜೊತೆಗೆ ಡಿಸ್ಚಾರ್ಜ್ ಬುಕ್, ಪೆನ್ಷನ್ ಆರ್ಡರ್, ಆಧಾರ್ ನಕಲು. ಇದನ್ನು ನೇರವಾಗಿ ಕಳಿಸಲಿಲ್ಲ. ಶಿವಮೊಗ್ಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದೆ. ಅವರು ತಮ್ಮ ಪತ್ರ ಲಗತ್ತಿಸಿ ಕಳಿಸಿಕೊಟ್ಟರು. ಹಳ್ಳಿಯಿಂದ ಹೋಗುವ ಬಿಡಿ ಅರ್ಜಿಗೂ ಅಂಥ ಪತ್ರದ ಜೊತೆ ಹೋಗುವ ಅರ್ಜಿಗೂ ವ್ಯತ್ಯಾಸ ಇದೆ. ಮೊದಲೇ ಅಲ್ಲಿಗೆ ಹೋಗಬೇಕಿತ್ತು.

ಹೆಸರಿನ ವಿಷಯ ಹೇಳಬೇಕು. ಆಧಾರಿನಲ್ಲಿ ಅಪ್ಪಯ್ಯನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಎಚ್ ಇಲ್ಲ. ಸೇನೆಯ ಕಡತದಲ್ಲಿ ಇದೆ. 1966ರಲ್ಲಿ ಭರ್ತಿ ಮಾಡಿಕೊಂಡವರು ಕಿವಿಗೆ ಕೇಳಿದ ಹಾಗೆ ಬರೆದುಕೊಂಡದ್ದು. ಅರ್ಜಿಯಲ್ಲಿ ಸೇನೆಯ ಸ್ಪೆಲ್ಲಿಂಗನ್ನೇ ಹಾಕಬೇಕು. ನಂಬರಿನ ಕೊನೆಯಲ್ಲಿ ಬರುವ ಇಂಗ್ಲಿಷ್ ಅಕ್ಷರವನ್ನೂ ಬಿಡಬಾರದು. ಅಪ್ಪಯ್ಯ ಆ ಎಚ್ ಅನ್ನು ಯಾವತ್ತೂ ಇಷ್ಟಪಟ್ಟವರಲ್ಲ.

ಇದರ ನಡುವೆ ಮೆಡಲಿಗಿಂತ ದೊಡ್ಡ ಒಂದು ತಪ್ಪು ಸಿಕ್ಕಿತು. ಶೀಟ್ ರೋಲಿನಲ್ಲಿ ಅಮ್ಮನ ಹೆಸರು ತವರುಮನೆಯ ಹೆಸರು! ಮದುವೆಯಲ್ಲಿ ಬದಲಾದದ್ದು ಅಲ್ಲಿಗೆ ಹೋಗೇ ಇಲ್ಲ. ಹುಟ್ಟಿದ ದಿನದ ಜಾಗ ಖಾಲಿ. ಅಪ್ಪಯ್ಯನಿಗೆ ಹೆಚ್ಚುಕಮ್ಮಿ ಆದ ದಿನ ಅಮ್ಮ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದ್ದರೆ, ಈ ಹೆಂಗಸು ಯಾರು ಅಂತ ಕೇಳುತ್ತಿದ್ದರು. ಅಫಿಡವಿಟ್ ಮಾಡಿಸಿ, ಅಪ್ಪಯ್ಯ ಇರುವಾಗಲೇ ಅದನ್ನು ಸರಿ ಮಾಡಿಸಿದೆವು. ನಿಮ್ಮ ಮನೆಯಲ್ಲೂ ಸೇನೆಯಲ್ಲಿದ್ದವರು ಇದ್ದರೆ ಮೆಡಲ್ ಇರಲಿ ಬಿಡಿ, ಇದೊಂದನ್ನು ಈ ವಾರವೇ ನೋಡಿ.

2023ರ ಮಳೆಗಾಲದಲ್ಲಿ ಪತ್ರ ಬಂತು. ಮೂರೂ ದಾಖಲೆಗೆ ಏರಿದ್ದವು. ಅದಾಗಿ ಕೆಲವು ತಿಂಗಳಿಗೆ, ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ, ಪೋಸ್ಟ್‌ಮ್ಯಾನ್ ಒಂದು ಸಣ್ಣ ಪೊಟ್ಟಣ ತಂದ. ಸಂಗ್ರಾಮ್ ಮತ್ತು 25ನೇ ವರ್ಷದ ಮೆಡಲ್. ಪಶ್ಚಿಮಿ ಸ್ಟಾರ್ ಇನ್ನೂ ಬಂದಿಲ್ಲ. ಆರು ತಿಂಗಳಿಗೊಮ್ಮೆ ಒಂದು ಕಾರ್ಡು ಹಾಕುತ್ತಾ ಇದ್ದೇನೆ.

ಅಪ್ಪಯ್ಯ ಕೈಗೆ ಅಂಟಿದ್ದ ಅಡಿಕೆಯ ಚೊಗರು ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತರು. ಮೆಡಲಿನ ಮುಖ ನೋಡಲಿಲ್ಲ. ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅಂಚಿನ ಸುತ್ತ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತಾರೆ. ಕನ್ನಡಕ ತರಿಸಿಕೊಂಡು ಒಂದೊಂದೇ ಅಕ್ಷರ ಓದಿದರು.

"ಎಚ್ ಹಾಕಿದಾರೆ ನೋಡು" ಎಂದು ಅಮ್ಮನಿಗೆ ತೋರಿಸಿದರು.