ದುಬಾಯಿಗೆ ಹೊರಟ ನಮ್ಮೂರವರಿಗೆ

ರಜೆಯಲ್ಲಿ ಊರಿಗೆ ಬಂದಾಗ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮಕ್ಕಳು ನನ್ನಲ್ಲಿ ಕೇಳುವುದು ಒಂದೇ: "ಅಕ್ಕ, ದುಬಾಯಿಗೆ ಎಂತೆಲ್ಲ ತಕೊಂಡು ಹೋಗ್ಬೇಕು?" ಅಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನಾನು ಮೊದಲು ಹೇಳುವುದು, ಯಾವುದನ್ನು ಒಯ್ಯಬಾರದು ಅಂತ.

ಗಸಗಸೆ ಬೇಡವೇ ಬೇಡ. ಅಲ್ಲಿ ಅದು ನಿಷಿದ್ಧ, ಸಿಕ್ಕಿಬಿದ್ದರೆ ಕೇಸು. ಪಾಯಸಕ್ಕೆ ಬೇಕಾದೀತೆಂದು ಅಮ್ಮಂದಿರು ಸಾಂಬಾರು ಪುಡಿಯ ನಡುವೆ ಸಣ್ಣದೊಂದು ಕಟ್ಟು ತುರುಕಿಸುವುದುಂಟು. ಪೆಟ್ಟಿಗೆ ಕಟ್ಟಿದ ಮೇಲೂ ನೀವೇ ಒಮ್ಮೆ ಬಿಚ್ಚಿ ನೋಡಿ. ಅಡಿಕೆ ತೋಟದವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ವೀಳ್ಯದೆಲೆಯನ್ನೂ ಒಯ್ಯುವ ಹಾಗಿಲ್ಲ. ಅಜ್ಜನ ಎಲೆಸಂಚಿ ಊರಲ್ಲೇ ಇರಲಿ. ಕೋಡೀನ್ ಇರುವ ಕೆಮ್ಮಿನ ಔಷಧವೂ ಬೇಡ. ಹಲಸಿನ ಹಪ್ಪಳ, ಮಾಂಬಳ ಧಾರಾಳ ತಕೊಳ್ಳಿ. ಕುಚ್ಚಿಲಕ್ಕಿ ಹೊರಬೇಡಿ, ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತದೆ.

ಡಿಗ್ರಿ ಕೇಳುವ ಹುದ್ದೆಯಾದರೆ ಸರ್ಟಿಫಿಕೇಟಿನ ದೃಢೀಕರಣ ಊರಲ್ಲಿರುವಾಗಲೇ ಮುಗಿಸಿ. ಕಣ್ಣೂರು ವಿಶ್ವವಿದ್ಯಾಲಯದ್ದಾದರೆ ನೋರ್ಕಾ ಮೂಲಕ, ಅಂದರೆ ಹೊರನಾಡ ಕೇರಳೀಯರಿಗಾಗಿ ಕೇರಳ ಸರಕಾರ ನಡೆಸುವ ಸಂಸ್ಥೆಯ ಮೂಲಕ. ಮಂಗಳೂರಿಗೆ ಬಸ್ಸಲ್ಲಿ ಹೋಗಿ ಬಂದು ಕಲಿತವರದ್ದು ಕರ್ನಾಟಕದ ಸರ್ಟಿಫಿಕೇಟು, ಅದಕ್ಕೆ ಅಲ್ಲಿನ ದಾರಿಯೇ ಬೇರೆ.

ಈಗ ಆಫರ್ ಲೆಟರ್. ನಮ್ಮವರು ಒಟ್ಟು ಸಂಬಳ ಮಾತ್ರ ನೋಡಿ ಸಹಿ ಹಾಕಿಬಿಡುತ್ತಾರೆ. ನೀವು ನೋಡಬೇಕಾದದ್ದು ಮೂಲ ವೇತನದ ಸಾಲು. 4,000 ದಿರ್ಹಮ್ ಸಂಬಳದಲ್ಲಿ ಮೂಲ ವೇತನ 1,500 ಮಾತ್ರ ತೋರಿಸಿ ಉಳಿದದ್ದನ್ನು ಭತ್ಯೆ ಅಂತ ಬರೆಯಬಹುದು. ತಿಂಗಳಿಗೆ ಕೈಗೆ ಬರುವ ದುಡ್ಡು ಅಷ್ಟೇ, ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಲೆಕ್ಕ ಮೂಲ ವೇತನದ್ದು ಮಾತ್ರ. ವರ್ಷ ತುಂಬಿದವರಿಗೆ ಮೊದಲ 5 ವರ್ಷಗಳ ಮಟ್ಟಿಗೆ ವರ್ಷಕ್ಕೆ 21 ದಿನದ ಮೂಲ ವೇತನ. 1,500ಕ್ಕೆ ಅದು 1,050 ದಿರ್ಹಮ್, 3,000ಕ್ಕೆ 2,100. ಚೌಕಾಸಿ ಮಾಡುವುದಿದ್ದರೆ ಸಹಿಯ ಮೊದಲೇ ಮಾಡಿ.

ಆಫರ್ ಲೆಟರ್ ಅರಬಿ, ಇಂಗ್ಲಿಷಿನ ಜೊತೆ ಮಲಯಾಳಂನಲ್ಲೂ ಸಿಗುತ್ತದೆ, ಕನ್ನಡದಲ್ಲಿಲ್ಲ. ಕನ್ನಡ ಮೀಡಿಯಂನಲ್ಲಿ ಕಲಿತ ನಮಗೆ ಮಲಯಾಳಂ ಮಾತು ಬರುತ್ತದೆ, ಓದಲು ಕೆಲವರಿಗೆ ತಡವರಿಕೆ. ಗೊತ್ತಿರುವವರಿಂದ ಓದಿಸಿ ಕೇಳಿ, ನಾಚಿಕೆ ಎಂತದ್ದು? ವೀಸಾದ ಖರ್ಚು ಕಂಪೆನಿಯದ್ದು. ಅದಕ್ಕೆ ದುಡ್ಡು ಕೇಳುವ ಏಜೆಂಟನನ್ನು ಅಂಗಳದಿಂದಲೇ ಕಳಿಸಿ. ಪಾಸ್‌ಪೋರ್ಟನ್ನು ಕಂಪೆನಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ನಿಮ್ಮ ಕೈಯಲ್ಲೇ ಇರಬೇಕು. ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚಿಲ್ಲ. ಆ ಅವಧಿಯಲ್ಲಿ ಅಲ್ಲಿಯೇ ಬೇರೆ ಕಂಪೆನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸು, ದೇಶವೇ ಬಿಡುವುದಾದರೆ 14 ದಿನ.

ಹೋದ ಕೂಡಲೇ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ. ಕಂಪೆನಿಯವರೇ ಕರಕೊಂಡು ಹೋಗುತ್ತಾರೆ. ಮನೆಗೆ ವಾಟ್ಸಾಪ್ ಕರೆ ಹೋಗದಿದ್ದರೆ ಅಳಬೇಡಿ, ಅಲ್ಲಿ ಕರೆಗೆ ಬೋಟಿಮ್ ಅಂತ ಆ್ಯಪ್ ಬಳಸುವುದು. ಊರಿಗಿಂತ ಒಂದೂವರೆ ಗಂಟೆ ಹಿಂದೆ ನಾವು. ಹಾಗಾಗಿ ರಾತ್ರಿ ಊಟ ಮುಗಿಸಿ ಕರೆ ಮಾಡಿದರೆ ಅಪ್ಪ ಅಮ್ಮ ಮಲಗಿಯಾಗಿರುತ್ತದೆ.

ಆಫೀಸಿನಲ್ಲಿ ನಮಗೊಂದು ಅನುಕೂಲ ಉಂಟು. ಮನೆಯಲ್ಲಿ ಕನ್ನಡ, ಬಸ್ಸಲ್ಲಿ ತುಳು, ತಾಲೂಕು ಕಚೇರಿಯಲ್ಲಿ ಮಲಯಾಳಂ ಅಂತ ಬೆಳೆದವರು ನಾವು. ದುಬಾಯಿಯಲ್ಲಿ ಮಲಯಾಳಿಗಳಿಲ್ಲದ ಆಫೀಸು ಅಪರೂಪ, ರಜೆ ಯಾರ ಹತ್ತಿರ ಕೇಳಬೇಕು, ಯಾವ ಮ್ಯಾನೇಜರ ಯಾವಾಗ ಸಿಡುಕುತ್ತಾರೆ ಎಲ್ಲ ಅವರಿಗೆ ಗೊತ್ತು. ಊರಿನ ಭಾಷಾ ಜಗಳವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಅವರ ಚಹಾದ ಗುಂಪಿಗೆ ಸೇರಿ.

ನಮ್ಮವರೇ ಬೇಕು ಅನಿಸಿದರೆ ಶನಿವಾರ, ಭಾನುವಾರ ಇದೆ. ಯಕ್ಷಗಾನ ಕಲಿಸುವವರು, ಮಕ್ಕಳಿಗೆ ಕನ್ನಡ ಹೇಳಿಕೊಡುವವರು ಅಲ್ಲೂ ಇದ್ದಾರೆ. ಹೋದ ವಾರವೇ ಪದಾಧಿಕಾರಿ ಆಗಬೇಡಿ, ಕುರ್ಚಿ ಜೋಡಿಸುವ ಕೆಲಸಕ್ಕೆ ನಿಂತರೆ ಬೇಗ ಗುರುತಾಗುತ್ತದೆ.

ಒಂದು ಎಚ್ಚರಿಕೆ. ಊರ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆಂದು ವಾಟ್ಸಾಪ್ ಗುಂಪಿನಲ್ಲಿ ದೇಣಿಗೆ ಎತ್ತಲು ಹೊರಡಬೇಡಿ. ಪರವಾನಗಿ ಇಲ್ಲದೆ ಚಂದಾ ಎತ್ತುವುದು ಅಲ್ಲಿ ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ನಿಮ್ಮ ಪಾಲನ್ನು ಊರಿನ ನಿಮ್ಮ ಖಾತೆಗೆ ಹಾಕಿ, ಅಪ್ಪನ ಕೈಯಲ್ಲಿ ರಶೀದಿ ಮಾಡಿಸಿ.