‘ಕುತ್ತಿಗಿ ಹಿಡದೈತಿ’ ಅಂತಲೇ ಬರೆಯಿರಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್. ಎರಡು ಮಂಚ, ನೋವಿಗೆ ಕರೆಂಟ್ ಕೊಡುವ ಒಂದು ಮಷೀನು, ನಾನು. ನನ್ನಂಥ ಸಣ್ಣ ಕ್ಲಿನಿಕ್‌ನವರು ವೆಬ್‌ಸೈಟಿನಲ್ಲಿ ಏನು ಬರೆಯಬೇಕು ಅನ್ನೋದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಮೊದಲ ಸಲ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದಾಗ ಮಾಡಿದವರು ‘ಹೋಲಿಸ್ಟಿಕ್ ವೆಲ್‌ನೆಸ್’ ಅಂತ ದೊಡ್ಡದಾಗಿ ಹಾಕಿ, ಕಣ್ಮುಚ್ಚಿ ಕೂತ ಬಿಳಿ ಹೆಂಗಸಿನ ಫೋಟೊ ಅಂಟಿಸಿಕೊಟ್ಟರು. ಮೂರು ತಿಂಗಳಲ್ಲಿ ಬಂದದ್ದು ನಾಲ್ಕು ಫೋನು. ಎರಡರಲ್ಲಿ ಕೇಳಿದ್ದು, ‘ಮೇಡಂ, ಮಸಾಜ್ ಎಷ್ಟು? ರಾತ್ರಿ ಎಷ್ಟರ ತನಕ ಇರ್ತದ?’ ಅವತ್ತೇ ಆ ಪುಟ ತೆಗೆಸಿದೆ.

ಹೊಸ ಪುಟ ಬರೆಯೋಕೆ ಮುಂಚೆ ಹದಿನೈದು ದಿನ ಟೇಬಲ್ ಮೇಲೊಂದು ನೋಟ್‌ಬುಕ್ ಇಟ್ಟೆ. ಒಳಗೆ ಬಂದವರ ಮೊದಲ ಮಾತನ್ನು ಹಾಗ್ಹಾಗೇ ಬರೆದುಕೊಂಡೆ. ನೀವೂ ಇಷ್ಟು ಮಾಡಿ, ಅರ್ಧ ಕೆಲಸ ಮುಗೀತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವವರು ಬಹಳ. ಒಬ್ಬರು ಅಂದರು: ‘ದಿನಾ ಹತ್ತು ತಾಸು ಮಷೀನ್ ಮುಂದ ಕೂತು ಕುತ್ತಿಗಿ ಹಿಡದೈತಿ, ತೋಳು ಎತ್ತಾಕ ಬರವಲ್ದು.’ ಅದೇ ನನ್ನ ಮೊದಲ ತಲೆಬರಹವಾಯಿತು. ಅದರ ಕೆಳಗೆ ಸೂಜಿ ನೋಡುತ್ತ ಕತ್ತು ಬಗ್ಗಿಸಿದರೆ ಏನಾಗುತ್ತದೆ, ಸ್ಟೂಲು ಎಷ್ಟು ಎತ್ತರ ಇರಬೇಕು, ನಾನು ಏನು ಮಾಡುತ್ತೇನೆ, ಫೀಸೆಷ್ಟು ಅಂತ ಬರೆದೆ. ಸೊಂಟನೋವಿನ ಭಾಗದಲ್ಲಿ ಒಂದು ಮಾತು ದಪ್ಪಕ್ಷರದಲ್ಲಿದೆ: ಕಾಲಲ್ಲಿ ಶಕ್ತಿ ಹೋಗಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ನನ್ನ ಹತ್ತಿರ ಬರಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಗಿರಾಕಿ ಕಳಕೊಳ್ತೀಯ ಅಂತ ಗೆಳತಿ ಬೈದಳು. ಅದನ್ನು ಓದಿಯೇ ನಂಬಿಕೆ ಬಂತು ಅಂದವರು ಇದ್ದಾರೆ.

ಊರಿನ ಹೆಸರನ್ನೂ ನೋಡಿಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರ್ 1ಕ್ಕೆ ‘Ballari’ ಅಂತ ಬದಲಾದರೂ ಹಳೇ ‘Bellary’ ಅಂತ ಟೈಪ್ ಮಾಡುವವರು ಇನ್ನೂ ಇದ್ದಾರೆ. ಪುಟದಲ್ಲಿ ಎರಡೂ ಇರಲಿ. ಇಲ್ಲಿ ತೆಲುಗು ಮನೆಗಳೂ ಜಾಸ್ತಿ, ಹಾಗಾಗಿ ತೆಲುಗಿನಲ್ಲೂ ನಾಲ್ಕು ಸಾಲು ಹಾಕಿದ್ದೇನೆ.

ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಕ್ಲಿನಿಕ್ಕಿನ ವಿಳಾಸ, ಫೋಟೊ ತೋರಿಸುವ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ಗೆ ದುಡ್ಡು ಕೊಡಬೇಕಿಲ್ಲ. ಕೆಟಗರಿಯಲ್ಲಿ ಫಿಸಿಯೋಥೆರಪಿಸ್ಟ್ ಅಂತಲೇ ಆರಿಸಿ, ಸ್ಪಾ ಗೀಪಾ ಬೇಡ. ಹೊರಗಿನ ಬಾಗಿಲು, ಮೆಟ್ಟಿಲು ಕಾಣುವ ಫೋಟೊ ಹಾಕಿ. ಮಂಡಿನೋವಿನವರು ಮೊದಲು ಎಣಿಸುವುದು ಮೆಟ್ಟಿಲನ್ನೇ. ರಿವ್ಯೂ ಬರೆದರೆ ಫೀಸ್ ಕಡಿಮೆ ಅನ್ನಬೇಡಿ, ಗೂಗಲ್ ನಿಯಮಕ್ಕೆ ಅದು ವಿರುದ್ಧ. ರಿವ್ಯೂಗೆ ಉತ್ತರ ಕೊಡುವಾಗ ‘ನಿಮ್ಮ ಡಿಸ್ಕ್ ಈಗ ಹೇಗಿದೆ?’ ಅಂತ ಊರಮುಂದೆ ಕೇಳಬೇಡಿ. ಧನ್ಯವಾದ ಅಂದರೆ ಸಾಕು.

‘ಗ್ಯಾರಂಟಿ ಗುಣ’ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಆಯುರ್ವೇದದ ಔಷಧಿ ಕೊಡುವ ಗೆಳೆಯರಿಗಂತೂ ಇನ್ನೂ ಜೋರಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥವನ್ನು ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವಾಗಲೂ ಇದು ನೆನಪಿರಲಿ.

ಫೋನ್ ನಂಬರು ಪುಟದ ಮೇಲ್ತುದಿಯಲ್ಲೇ ಇರಲಿ, ಒತ್ತಿದರೆ ಕರೆ ಹೋಗಬೇಕು. ನಾನು ಮೊದಲು ಅದನ್ನು ಚಿತ್ರದೊಳಗೆ ಬರೆಸಿದ್ದೆ. ಒಬ್ಬ ಅಜ್ಜ ಮೊಮ್ಮಗನ ಕೈಲಿ ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು, ಅದರಲ್ಲಿ ಒಂದು ಅಂಕಿ ತಪ್ಪಾಗಿತ್ತು.