20,000 ಅಂತ ಬರೆದಿತ್ತು, ತುಂಬಿದ್ದು ಮೂರೇ ಬ್ಯಾಟರಿ

ಮುಂಬೈಯಲ್ಲಿ ಮದುವೆ, ಯಕ್ಷಗಾನ, ತಾಳಮದ್ದಳೆ ಶೂಟ್ ಮಾಡುವುದು ನನ್ನ ಕೆಲಸ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಸಭಾಂಗಣವಾದರೆ ಚಿಂತೆಯಿಲ್ಲ, ಗೋಡೆಯಲ್ಲಿ ಪ್ಲಗ್ ಸಿಗುತ್ತದೆ. ಗಣಪತಿ ವಿಸರ್ಜನೆ ನಡೆಯುವ ಅನಂತ ಚತುರ್ದಶಿಯ ದಿನ ಹಾಗಲ್ಲ. ಲಾಲ್‌ಬಾಗ್‌ಚಾ ರಾಜಾ ಗಣಪತಿಯ ಮೆರವಣಿಗೆ ಬೆಳಿಗ್ಗೆ ಹೊರಟರೆ ಗಿರ್‌ಗಾಂವ್ ಚೌಪಾಟಿ ಕಡಲತೀರ ಮುಟ್ಟುವಾಗ ಮರುದಿನ ಬೆಳಗಾಗಿರುತ್ತದೆ. ಅಷ್ಟೂ ಹೊತ್ತು ರಸ್ತೆಯಲ್ಲೇ.

ಮೊದಲ ವರ್ಷ ನಾಲ್ಕು ಕ್ಯಾಮೆರಾ ಬ್ಯಾಟರಿ, ಎರಡು ಬ್ಯಾಟರಿ ಹಿಡಿಯುವ ಒಂದು ಯುಎಸ್‌ಬಿ ಚಾರ್ಜರ್, 20,000 ಎಂಎಎಚ್‌ನ (ಮಿಲಿಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಂಕಿ) ಒಂದು ಪವರ್ ಬ್ಯಾಂಕ್ ಹೊತ್ತು ಹೋಗಿದ್ದೆ. ನನ್ನ ಬ್ಯಾಟರಿ ಕ್ಯಾನನ್ ಎಲ್‌ಪಿ-ಇ6ಎನ್, 1865 ಎಂಎಎಚ್. ಭಾಗಿಸಿ ನೋಡಿದೆ. ಹತ್ತು ಸಲ ತುಂಬಬೇಕು. ಮೂರು ತುಂಬಿ ನಾಲ್ಕನೆಯದು ಅರ್ಧವೂ ಆಗಿರಲಿಲ್ಲ, ರಾತ್ರಿ ಸುಮಾರು ಮೂರು ಗಂಟೆಗೆ ಒಪೇರಾ ಹೌಸ್ ಹತ್ತಿರ ಅಕ್ಕನ ಮಗ ಬಂದು, "ಮಾವ, ಪವರ್ ಬ್ಯಾಂಕ್ ಪೂರ್ತಿ ಖಾಲಿ" ಅಂದ. ಸಮುದ್ರಕ್ಕೆ ಇಳಿಸುವ ಹೊತ್ತಿನ ಒಂದು ಚಿತ್ರವೂ ನನಗೆ ಸಿಗಲಿಲ್ಲ. ಆ ಬೇಸರ ಬಹಳ ದಿನ ಇತ್ತು.

ತಪ್ಪು ನನ್ನ ಲೆಕ್ಕದಲ್ಲೇ ಇತ್ತು. ಎಂಎಎಚ್ ಅನ್ನು ಎಂಎಎಚ್‌ನಿಂದ ಭಾಗಿಸಬಾರದು, ಏಕೆಂದರೆ ಎರಡರ ವೋಲ್ಟೇಜ್ ಬೇರೆ. ಪವರ್ ಬ್ಯಾಂಕಿನ 20,000 ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ. ಕ್ಯಾಮೆರಾ ಬ್ಯಾಟರಿ 7.2 ವೋಲ್ಟಿನದು. ಎರಡನ್ನೂ ಒಟ್ಟು ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ಗೆ ತಂದರೆ ವಿಷಯ ತಿಳಿಯಾಗುತ್ತದೆ. 20 ಗುಣಿಸು 3.7, ಅಂದರೆ 74 ವ್ಯಾಟ್-ಅವರ್. ಕ್ಯಾಮೆರಾ ಬ್ಯಾಟರಿಯ ಮೇಲೆ 14 ವ್ಯಾಟ್-ಅವರ್ ಅಂತ ಬರೆದೇ ಇರುತ್ತದೆ.

ಹಾಗಾದರೂ ಐದು ಬರಬೇಕಿತ್ತು ಅಲ್ವಾ? ನಮ್ಮ ಸೊಸೈಟಿಯಲ್ಲಿ ನೆಲದಡಿಯ ಟ್ಯಾಂಕಿನಿಂದ ಮೇಲಿನ ಟ್ಯಾಂಕಿಗೆ ನೀರು ಸುಮ್ನೆ ಏರುವುದಿಲ್ಲ, ಪಂಪ್ ಬೇಕು. ಇಲ್ಲಿ ಎರಡು ಪಂಪ್. ಪವರ್ ಬ್ಯಾಂಕ್ 3.7 ಅನ್ನು 5 ವೋಲ್ಟಿಗೆ ಏರಿಸುತ್ತದೆ. ಚಾರ್ಜರ್ ಆ 5 ಅನ್ನು ಮತ್ತೆ 8.4ಕ್ಕೆ ಏರಿಸುತ್ತದೆ, ಕ್ಯಾಮೆರಾ ಬ್ಯಾಟರಿ ಪೂರ್ತಿ ತುಂಬಲು ಅಷ್ಟು ಬೇಕು. ಎರಡೂ ಕಡೆ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಸಣ್ಣದೊಂದು ಯುಎಸ್‌ಬಿ ಮೀಟರ್ ನಡುವೆ ಸಿಕ್ಕಿಸಿ ಮನೆಯಲ್ಲೇ ಅಳೆದೆ. 74ರಲ್ಲಿ ಹೊರಗೆ ಬಂದದ್ದು 60ರ ಆಸುಪಾಸು. ಒಂದು ಖಾಲಿ ಬ್ಯಾಟರಿ ಎಳೆದುಕೊಂಡದ್ದು ಸುಮಾರು 18. ಅಂದರೆ 60ರಲ್ಲಿ ತುಂಬುವುದು ಮೂರೂ ಚಿಲ್ಲರೆ. ಒಪೇರಾ ಹೌಸ್‌ನಲ್ಲಿ ಆದದ್ದೂ ಅದೇ.

ಮರುವರ್ಷ ಎರಡು ಪವರ್ ಬ್ಯಾಂಕ್ ತಂದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. ಕರೆಂಟ್ ಎಷ್ಟಿದೆ ಅನ್ನುವಷ್ಟೇ ಮುಖ್ಯ, ಅದು ಬ್ಯಾಟರಿಯೊಳಗೆ ಎಷ್ಟು ಬೇಗ ತುಂಬುತ್ತದೆ ಅನ್ನುವುದು. ನನ್ನ ಚಾರ್ಜರ್ 5 ವೋಲ್ಟ್, 2 ಆಂಪಿಯರ್, ಅಂದರೆ 10 ವ್ಯಾಟ್ ಎಳೆಯುತ್ತದೆ. ಎರಡು ಖಾಲಿ ಬ್ಯಾಟರಿಗೆ 36 ವ್ಯಾಟ್-ಅವರ್ ಬೇಕು. ಕೊನೆಕೊನೆಗೆ ನಿಧಾನವಾಗುವುದರಿಂದ ಹತ್ತಿರ ಹತ್ತಿರ ನಾಲ್ಕು ತಾಸು. ಬಿಡದೆ ವಿಡಿಯೊ ತೆಗೆದರೆ ನನ್ನ ಕ್ಯಾಮೆರಾ ಒಂದು ಬ್ಯಾಟರಿಯನ್ನು ಒಂದೂವರೆ ತಾಸಿನಲ್ಲಿ ಮುಗಿಸುತ್ತದೆ. ಎರಡು ಮುಗಿಯಲು ಮೂರು ತಾಸು, ತುಂಬಲು ನಾಲ್ಕು. ಇದು ಎಂದೂ ಸರಿತೂಗುವುದಿಲ್ಲ. ಈಗ ಎರಡು ಪವರ್ ಬ್ಯಾಂಕಿಗೆ ಎರಡು ಬೇರೆ ಚಾರ್ಜರ್. ಇನ್ನೊಂದು ಅಭ್ಯಾಸವನ್ನೂ ಮಾಡಿಕೊಂಡೆ. 80 ಶೇಕಡಾ ಆದೊಡನೆ ಆ ಬ್ಯಾಟರಿ ತೆಗೆದು ಖಾಲಿಯದನ್ನು ಹಾಕುತ್ತೇನೆ. ಲಿಥಿಯಂ ಬ್ಯಾಟರಿ ಕೊನೆಯ ಪಾಲನ್ನು ತುಂಬಾ ನಿಧಾನ ಕುಡಿಯುತ್ತದೆ, ಅದಕ್ಕಾಗಿ ಕಾಯುವುದು ರಸ್ತೆಯಲ್ಲಿ ನಷ್ಟ.

ಅದೇ ಕೊನೆಯ ಪಾಲಿನಲ್ಲಿ ಕೆಲವು ಪವರ್ ಬ್ಯಾಂಕ್ ತಾನಾಗಿ ಆಫ್ ಆಗುತ್ತದೆ. ಎಳೆತ ಕಡಿಮೆಯಾದಾಗ ಏನೂ ಸಿಕ್ಕಿಸಿಲ್ಲ ಅಂತ ಅದಕ್ಕೆ ಅನ್ನಿಸುತ್ತದೆ, ಅಷ್ಟೆ. ಕೆಟ್ಟಿದೆ ಅಂತ ಗಾಬರಿ ಬೇಡ. ಕೇಬಲ್ ಮಾತ್ರ ಗಿಡ್ಡ, ದಪ್ಪ ಇರಲಿ. ನನ್ನ ಹಳೆಯ ಉದ್ದನೆಯ ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಇಳಿದು ಚಾರ್ಜರ್ ದೀಪ ಮಿಣುಕಿ ಮಿಣುಕಿ ನಿಲ್ಲುತ್ತಿತ್ತು.

ನನಗೆ ನಿಜವಾಗಿ ಭಯ ಇರುವುದು ಬಿಸಿಯ ಬಗ್ಗೆ. ವಿಸರ್ಜನೆ ದಿನ ಮಳೆ ಬಂದೇ ಬರುತ್ತದೆ ಅಂತ ಇಟ್ಟುಕೊಂಡೇ ಹೊರಡುತ್ತೇವೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಟು ಹಾಕಬೇಕು ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. 45 ಡಿಗ್ರಿ ದಾಟಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಕಟ್ಟಿದ ಚೀಲದೊಳಗೆ ಬಿಸಿ ಬೇಗ ಏರುತ್ತದೆ. ನಾನು ಚಾರ್ಜರ್ ಅನ್ನು ಬದಿಗಳಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಟಿಫಿನ್ ಡಬ್ಬಿಯಲ್ಲಿ, ಬ್ಯಾಗಿನ ಮೇಲ್ಭಾಗದಲ್ಲಿ ಇಡುತ್ತೇನೆ. ಅಕ್ಕನ ಮಗ ಆ ಬ್ಯಾಗ್ ಹೊತ್ತು ಕೊಡೆ ಹಿಡಿದು ನಡೆಯುತ್ತಾನೆ, ಅರ್ಧ ತಾಸಿಗೊಮ್ಮೆ ಕೈಯಿಟ್ಟು ನೋಡುತ್ತಾನೆ. ಕೈಗೆ ಬಿಸಿ ಅನ್ನಿಸಿದರೆ ಕಿತ್ತುಬಿಡುವುದು. ಬಿಡಿ ಬ್ಯಾಟರಿಗಳ ಲೋಹದ ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕಿರಬೇಕು, ಚಿಲ್ಲರೆ ಕಾಸು, ಕೀಲಿಗೊಂಚಲಿನ ಜತೆ ಜೇಬಿಗೆ ಹಾಕಬಾರದು. ತುಂಬಿದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತೇವೆ, ಕತ್ತಲಲ್ಲಿ ಬೆರಳಿಗೇ ಗೊತ್ತಾಗುತ್ತದೆ.

ಹೊಸಬರು ಜಾಸ್ತಿ ಮರೆಯುವುದು ಪವರ್ ಬ್ಯಾಂಕನ್ನೇ ಚಾರ್ಜ್ ಮಾಡುವುದನ್ನು. 10 ವ್ಯಾಟಿನ ಹಳೆಯ ಮೊಬೈಲ್ ಅಡಾಪ್ಟರ್‌ನಲ್ಲಿ 74 ವ್ಯಾಟ್-ಅವರ್ ತುಂಬಲು ಎಂಟೊಂಬತ್ತು ತಾಸು ಬೇಕು. ಎರಡಿದ್ದರೆ ಎರಡು ಅಡಾಪ್ಟರ್. ಹಾಗಾಗಿ ನಮ್ಮ ಮನೆಯಲ್ಲಿ ಚತುರ್ದಶಿಯ ಹಿಂದಿನ ದಿನ ಸಂಜೆ ಆರಕ್ಕೇ ಎರಡನ್ನೂ ಪ್ಲಗ್‌ಗೆ ಹಾಕಿ, ಯಾರೂ ಸ್ವಿಚ್ ಮುಟ್ಟದ ಹಾಗೆ ಮೇಲೆ ಟೇಪ್ ಅಂಟಿಸುತ್ತೇನೆ.